ಸಣ್ಣ ಜಾಲಗಳಲ್ಲಿ ಐಪಿ ವಿಳಾಸ ಹಂಚಿಕೆ: ಶಿವಮೊಗ್ಗ ಮತ್ತು ಭದ್ರಾವತಿ

ಐಪಿ ವಿಳಾಸ ಹಂಚಿಕೆ ಎಂದರೆ ಒಂದು ಜಾಲಕ್ಕೆ ಸೇರಿದ ರೌಟರ್, ಕಂಪ್ಯೂಟರ್, ಮೊಬೈಲ್, ಪ್ರಿಂಟರ್, ಕ್ಯಾಮೆರಾ ಮೊದಲಾದ ಪ್ರತಿಯೊಂದು ಸಾಧನಕ್ಕೂ ಆ ಜಾಲದೊಳಗೆ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯಾವಿಳಾಸವನ್ನು ಗೊತ್ತುಪಡಿಸುವ ಕ್ರಮ. ಒಂದೇ ಅಂತರ್ಜಾಲ ಸಂಪರ್ಕವನ್ನು ಹಂಚಿಕೊಂಡು ಬಳಸುವ, ಸಾಮಾನ್ಯವಾಗಿ 250ಕ್ಕಿಂತ ಕಡಿಮೆ ಸಾಧನಗಳಿರುವ ಮನೆ, ಅಂಗಡಿ, ಕ್ಲಿನಿಕ್, ಶಾಲೆ, ಸಣ್ಣ ಕಾರ್ಖಾನೆಗಳ ಜಾಲವನ್ನು ಇಲ್ಲಿ ಸಣ್ಣ ಜಾಲ ಎಂದು ಕರೆಯಲಾಗಿದೆ. ಇಂಥ ಜಾಲದಲ್ಲಿ ವಿಳಾಸ ಹಂಚುವ ಅಧಿಕಾರ ಒಂದೇ ಕಡೆ ಇರಬೇಕೆಂಬುದು ಮೂಲ ನಿಯಮ. ವಾಡಿಕೆಯಲ್ಲಿ ಆ ಕೆಲಸ ರೌಟರಿನದು.

ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಅಂತರದಲ್ಲಿರುವ ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ಕಾಣುವ ಜಾಲಗಳು ಬಹುಪಾಲು ಈ ಗಾತ್ರದವು. ಶಿವಮೊಗ್ಗದ ಗಾಂಧಿ ಬಜಾರ್ ಮತ್ತು ದುರ್ಗಿಗುಡಿಯ ಅಂಗಡಿಗಳು, ಎಪಿಎಂಸಿ ಪ್ರಾಂಗಣದ ಅಡಿಕೆ ಮಂಡಿಗಳು, ಭದ್ರಾವತಿಯ ನ್ಯೂಟೌನಿನ ಮನೆಗಳು, ಎರಡು ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳು ಇದರಲ್ಲಿ ಸೇರುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಂಥ ಹಲವು ಕಟ್ಟಡಗಳ ಸಂಸ್ಥೆಗಳಿಗೆ ಬೇಕಾಗುವ ವಿಳಾಸ ವ್ಯವಸ್ಥೆ ಬೇರೆ ಬಗೆಯದು. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಹಿನ್ನೆಲೆ

ಇಂದು ಬಳಕೆಯಲ್ಲಿರುವ ಐಪಿ ವಿಳಾಸದ ನಾಲ್ಕನೆಯ ಆವೃತ್ತಿ, ಅಂದರೆ ಐಪಿವಿ4, ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 791 ಎಂಬ ದಾಖಲೆಯ ಮೂಲಕ 1981ರ ಸೆಪ್ಟೆಂಬರಿನಲ್ಲಿ ನೆಲೆಗೊಂಡಿತು. ವಿಳಾಸದ ಉದ್ದ 32 ಬಿಟ್. ಒಟ್ಟು ವಿಳಾಸಗಳು 429 ಕೋಟಿಯಷ್ಟು. ಆರಂಭದಲ್ಲಿ ಇವನ್ನು ಎ, ಬಿ, ಸಿ ಎಂಬ ವರ್ಗಗಳಾಗಿ ಕತ್ತರಿಸಿ ಸಂಸ್ಥೆಗಳಿಗೆ ಕೊಡಲಾಗುತ್ತಿತ್ತು. ಸಿ ವರ್ಗದ ಜಾಲಕ್ಕೆ 256, ಬಿ ವರ್ಗದ್ದಕ್ಕೆ 65,536 ವಿಳಾಸ. ನಡುವೆ ಬೇರೆ ಅಳತೆಯೇ ಇರಲಿಲ್ಲ. ಮುನ್ನೂರು ಯಂತ್ರಗಳ ಸಂಸ್ಥೆಯೂ ಬಿ ವರ್ಗವನ್ನೇ ಕೇಳಬೇಕಾಗುತ್ತಿತ್ತು. ಈ ಪೋಲನ್ನು ತಡೆಯಲು 1993ರಲ್ಲಿ ವರ್ಗರಹಿತ ವಿಭಜನೆ ಜಾರಿಗೆ ಬಂತು. 1994ರಲ್ಲಿ ವಿಳಾಸ ಪರಿವರ್ತನೆ (ನ್ಯಾಟ್), 1996ರಲ್ಲಿ ಖಾಸಗಿ ವಿಳಾಸಗಳ ಸಾಲುಗಳು ನಿರ್ಧಾರವಾದವು. ಇಂದಿನ ಸಣ್ಣ ಜಾಲ ನಿಂತಿರುವುದು ಕೊನೆಯ ಈ ಎರಡರ ಮೇಲೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದು ದೂರವಾಣಿ ತಂತಿಯ ಡಯಲ್‌ಅಪ್ ಕಾಲ. ಒಂದು ಕಂಪ್ಯೂಟರ್ ಕರೆ ಮಾಡಿದರೆ ಅದಕ್ಕೊಂದು ವಿಳಾಸ ಬರುತ್ತಿತ್ತು, ಕರೆ ಕಡಿದರೆ ವಿಳಾಸವೂ ಹೋಗುತ್ತಿತ್ತು. ಮನೆಯೊಳಗೆ ವಿಳಾಸ ಹಂಚುವ ಪ್ರಶ್ನೆಯೇ ಇರಲಿಲ್ಲ. ಒಂದೇ ಸಂಪರ್ಕವನ್ನು ಹತ್ತು ಯಂತ್ರಗಳಿಗೆ ಒದಗಿಸಬೇಕಾದ ಅಗತ್ಯ ಮೊದಲು ಕಂಡದ್ದು ಸೈಬರ್ ಕೆಫೆಗಳಲ್ಲಿ. 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಲ್ಲಿದ್ದ ಸಂಪರ್ಕ ಹಂಚಿಕೆ ಸೌಲಭ್ಯವು, ಕರೆ ಮಾಡುವ ಕಂಪ್ಯೂಟರಿಗೆ 192.168.0.1 ಎಂಬ ವಿಳಾಸ ಇಟ್ಟು ಉಳಿದವಕ್ಕೆ ತಾನೇ ವಿಳಾಸ ಕೊಡುತ್ತಿತ್ತು.

ಕೇಂದ್ರದ 2004ರ ಬ್ರಾಡ್‌ಬ್ಯಾಂಡ್ ನೀತಿಯ ಬೆನ್ನಿಗೆ, 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಸೇವೆಯನ್ನು ಆರಂಭಿಸಿತು. ಎಡಿಎಸ್‌ಎಲ್ ಮೋಡೆಮ್ ಬಂದ ಮೇಲೆ ಹಂಚುವ ಕೆಲಸ ಕಂಪ್ಯೂಟರಿನಿಂದ ಮೋಡೆಮಿನ ಪೆಟ್ಟಿಗೆಗೆ ದಾಟಿತು. ಈಗಿನ ಫೈಬರ್ ಸಂಪರ್ಕದ ಒಎನ್‌ಟಿ ಪೆಟ್ಟಿಗೆಯೂ ಇದೇ ಕೆಲಸ ಮಾಡುತ್ತದೆ.

ವಿಳಾಸದ ರಚನೆ

ಐಪಿವಿ4 ವಿಳಾಸವನ್ನು ಚುಕ್ಕಿಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತಾರೆ. ಪ್ರತಿ ಸಂಖ್ಯೆಯೂ 0ಯಿಂದ 255ರ ಒಳಗಿರುತ್ತದೆ. ವಿಳಾಸದ ಮೊದಲ ಭಾಗ ಜಾಲವನ್ನು, ಕೊನೆಯ ಭಾಗ ಸಾಧನವನ್ನು ಸೂಚಿಸುತ್ತದೆ. ಎರಡರ ಗಡಿ ಎಲ್ಲಿದೆ ಎಂದು ಹೇಳುವುದು ಸಬ್‌ನೆಟ್ ಮಾಸ್ಕ್. 255.255.255.0 ಎಂಬ ಮಾಸ್ಕ್ ಇದ್ದರೆ ಮೊದಲ ಮೂರು ಸಂಖ್ಯೆಗಳು ಜಾಲಕ್ಕೆ, ಕೊನೆಯದು ಸಾಧನಕ್ಕೆ. ಇದನ್ನೇ /24 ಎಂದು ಚುಟುಕಾಗಿ ಬರೆಯುವುದುಂಟು.

ದೂರವಾಣಿಯ ಎಸ್‌ಟಿಡಿ ಕೋಡ್ ಇದಕ್ಕೆ ಹತ್ತಿರದ ಹೋಲಿಕೆ. ಶಿವಮೊಗ್ಗದ ಕೋಡ್ 08182, ಭದ್ರಾವತಿಯದು 08282. ಊರೊಳಗಿನ ಕರೆಗೆ ಕೋಡ್ ಬೇಡ. ಒಂದೇ ಸ್ಥಳೀಯ ಸಂಖ್ಯೆ ಎರಡು ಊರಿನಲ್ಲಿದ್ದರೂ ತೊಡಕಿಲ್ಲ. ಕಂಪ್ಯೂಟರ್ ಕೂಡ ತಾನು ತಲುಪಬೇಕಾದ ವಿಳಾಸದ ಜಾಲಭಾಗವನ್ನು ತನ್ನದರೊಂದಿಗೆ ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆದರೆ ಎಆರ್‌ಪಿ ಎಂಬ ವಿಧಾನದಿಂದ ಎದುರಿನ ಸಾಧನದ ಮ್ಯಾಕ್ ಎಂಬ ಯಂತ್ರಾಂಶ ವಿಳಾಸವನ್ನು ಕೇಳಿ ನೇರವಾಗಿ ಕಳಿಸುತ್ತದೆ. ಬೇರೆಯಾದರೆ ಮಾಹಿತಿಯನ್ನು ಗೇಟ್‌ವೇಗೆ, ಅಂದರೆ ರೌಟರಿಗೆ ಒಪ್ಪಿಸುತ್ತದೆ. ಮಾಸ್ಕ್ ತಪ್ಪಾಗಿ ನಮೂದಾದರೆ ಈ ತೀರ್ಮಾನವೇ ತಪ್ಪುವುದರಿಂದ, ಪಕ್ಕದ ಮೇಜಿನ ಪ್ರಿಂಟರ್ ಸಿಗದಿದ್ದರೂ ಅಂತರ್ಜಾಲ ಮಾತ್ರ ನಡೆಯುವಂಥ ವಿಚಿತ್ರ ದೋಷಗಳು ಹುಟ್ಟುತ್ತವೆ.

/24 ಜಾಲದಲ್ಲಿ 256 ವಿಳಾಸಗಳಿದ್ದರೂ ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಾಗಿ ಸಾರುವ ಬ್ರಾಡ್‌ಕಾಸ್ಟಿಗೆ ಮೀಸಲು. ಸಾಧನಗಳಿಗೆ ಉಳಿಯುವುದು 254. ಎರಡು ರೌಟರುಗಳ ನಡುವಿನ ಕೊಂಡಿಗೆ ಇಷ್ಟು ಬೇಕಿಲ್ಲ. ಅಲ್ಲಿ ಬಳಕೆಗೆ ಎರಡೇ ವಿಳಾಸ ಉಳಿಯುವ /30 ಸಾಕು.

ಖಾಸಗಿ ಜಾಲಗಳಿಗೆಂದು ಮೀಸಲಿಟ್ಟ ಸಾಲುಗಳು ಮೂರು: 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, 172.16.0.0ಯಿಂದ 172.31.255.255ರವರೆಗಿನವು, 192.168ರಿಂದ ಆರಂಭವಾಗುವವು. ಇವು ಹೊರಗಿನ ಅಂತರ್ಜಾಲದಲ್ಲಿ ಓಡಾಡುವುದಿಲ್ಲ. ಆದ್ದರಿಂದ ಯಾರ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಬಳಸಬಹುದು.

ರೌಟರಿನ ಎರಡು ವಿಳಾಸಗಳು

ರೌಟರಿಗೆ ಒಂದಲ್ಲ, ಕನಿಷ್ಠ ಎರಡು ವಿಳಾಸ. ಹೊರಗಿನ ತಂತಿ ಬಂದು ಸೇರುವ ವ್ಯಾನ್ ಬದಿಯ ವಿಳಾಸವನ್ನು ಸೇವೆ ಕೊಡುವ ಕಂಪನಿ ಕೊಡುತ್ತದೆ. ಒಳಗಿನ ಲ್ಯಾನ್ ಬದಿಯ ವಿಳಾಸವನ್ನು ತಯಾರಕರು ಮೊದಲೇ ಇಟ್ಟಿರುತ್ತಾರೆ. ಮಾಲೀಕ ಅದನ್ನು ಬದಲಿಸಬಹುದು. ಒಳಗಿನ ಎಲ್ಲ ಸಾಧನಗಳಿಗೂ ಗೇಟ್‌ವೇ ಆಗುವುದು ಈ ಲ್ಯಾನ್ ವಿಳಾಸವೇ.

ವ್ಯಾನ್ ವಿಳಾಸ ಬರುವ ದಾರಿಗಳು ಹಲವು. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ತೆರೆಯುವ ಪಿಪಿಪಿಒಇ ಸಂಪರ್ಕ ಬಿಎಸ್‌ಎನ್‌ಎಲ್ ಮತ್ತು ಕೇಬಲ್ ಆಪರೇಟರುಗಳ ಫೈಬರಿನಲ್ಲಿ ಸಾಮಾನ್ಯ. ಹಾಗೆ ಬರುವ ವಿಳಾಸ ರೌಟರ್ ಆರಿಸಿ ಹಚ್ಚಿದಾಗ ಬದಲಾಗಬಹುದು. ಬದಲಾಗದ ಸ್ಥಿರ ವಿಳಾಸ ಬೇಕಿದ್ದವರು ಪ್ರತ್ಯೇಕ ಶುಲ್ಕ ತೆತ್ತು ಪಡೆಯಬೇಕಾಗುತ್ತದೆ.

ಲ್ಯಾನ್ ಬದಿಯಲ್ಲಿ ಮಾರುಕಟ್ಟೆಯ ಪೆಟ್ಟಿಗೆಗಳು ಒಂದೊಂದು ಬಗೆಯವು. ಬಿಎಸ್‌ಎನ್‌ಎಲ್ ಮೋಡೆಮುಗಳಲ್ಲಿ ಸಾಮಾನ್ಯವಾಗಿ 192.168.1.1, ಡಿ-ಲಿಂಕ್‌ನಲ್ಲಿ 192.168.0.1, ಜಿಯೋಫೈಬರಿನಲ್ಲಿ 192.168.29.1, ಮೈಕ್ರೋಟಿಕ್‌ನಲ್ಲಿ 192.168.88.1 ಕಾಣಸಿಗುತ್ತವೆ. ಈ ಸಣ್ಣ ವ್ಯತ್ಯಾಸವೇ ಕಂಪನಿ ಬದಲಿಸುವಾಗ ದೊಡ್ಡ ತಲೆನೋವಾಗುವ ಬಗೆಯನ್ನು ಮುಂದೆ ವಿವರಿಸಿದೆ.

ಒಳಗಿನ ಎಲ್ಲ ಖಾಸಗಿ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸದ ಹಿಂದೆ ಅಡಗಿಸುವ ಕೆಲಸ ನ್ಯಾಟ್‌ನದು. ಯಾವ ಸಾಧನ ಯಾವ ಕೋರಿಕೆ ಕಳಿಸಿತು ಎಂಬುದನ್ನು ರೌಟರ್ ಪೋರ್ಟ್ ಸಂಖ್ಯೆಗಳ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಬಂದ ಉತ್ತರವನ್ನು ಅದಕ್ಕೇ ಮುಟ್ಟಿಸುತ್ತದೆ.

ಹಂಚುವ ವಿಧಾನಗಳು

ಕೈಯಾರೆ ನಮೂದಿಸುವುದು ಹಳೆಯ ವಿಧಾನ. ಸಾಧನದ ಸೆಟ್ಟಿಂಗಿನಲ್ಲಿ ವಿಳಾಸ, ಮಾಸ್ಕ್, ಗೇಟ್‌ವೇ, ಹೆಸರುಗಳನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಈ ನಾಲ್ಕನ್ನೂ ಬರೆಯಬೇಕು. ಇದನ್ನು ಸ್ಟ್ಯಾಟಿಕ್ ವಿಳಾಸ ಎನ್ನುತ್ತಾರೆ. ಸಿಸಿಟಿವಿಯ ಡಿವಿಆರ್, ಬಿಲ್ಲಿಂಗ್ ಸರ್ವರ್, ಪ್ರಿಂಟರ್, ಹಾಜರಾತಿಯ ಬೆರಳಚ್ಚು ಯಂತ್ರಗಳಂತೆ ಉಳಿದವರು ಹುಡುಕಿಕೊಂಡು ಬರುವ ಸಾಧನಗಳಿಗೆ ವಿಳಾಸ ಬದಲಾಗಬಾರದು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿಗಳಿಗೂ ಇದೇ ಪದ್ಧತಿ.

ಡಿಎಚ್‌ಸಿಪಿ ಎಂಬುದು ತಾನಾಗಿ ಹಂಚುವ ವಿಧಾನ. 1985ರ ಬೂಟ್‌ಪಿಯನ್ನು ಬೆಳೆಸಿ 1993ರಲ್ಲಿ ಇದನ್ನು ರೂಪಿಸಲಾಯಿತು. ಈಗ ನಡೆಯುತ್ತಿರುವುದು ರಾಲ್ಫ್ ಡ್ರೋಮ್ಸ್ ಬರೆದ 1997ರ ಆರ್‌ಎಫ್‌ಸಿ 2131ರ ಪ್ರಕಾರ. ಇದರಲ್ಲಿ ನಾಲ್ಕು ಮಾತುಕತೆಗಳಿವೆ. ಹೊಸದಾಗಿ ಬಂದ ಮೊಬೈಲ್ ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂದು ಇಡೀ ಜಾಲಕ್ಕೆ ಕೂಗುತ್ತದೆ. ರೌಟರ್ ಖಾಲಿ ಇರುವ ಒಂದು ವಿಳಾಸವನ್ನು ಮುಂದಿಡುತ್ತದೆ. ಮೊಬೈಲ್ ಅದನ್ನೇ ಕೋರುತ್ತದೆ. ರೌಟರ್ ಒಪ್ಪಿಗೆ ಕೊಡುತ್ತದೆ. ಸರ್ವರಿನ ಯುಡಿಪಿ ಪೋರ್ಟ್ 67, ಕೇಳುವವರದು 68. ಗೇಟ್‌ವೇ, ಡಿಎನ್‌ಎಸ್ ವಿವರಗಳೂ ಇದರ ಜೊತೆಗೇ ಬರುತ್ತವೆ.

ಹೀಗೆ ಕೊಟ್ಟ ವಿಳಾಸ ಶಾಶ್ವತವಲ್ಲ, ಗೊತ್ತಾದ ಅವಧಿಯ ಗುತ್ತಿಗೆ. ಅವಧಿಯ ಅರ್ಧ ಕಳೆದಾಗ ಸಾಧನ ನವೀಕರಣ ಕೇಳುತ್ತದೆ. ಉತ್ತರ ಬಾರದಿದ್ದರೆ ಶೇ. 87.5ರಷ್ಟು ಅವಧಿ ಮುಗಿದಾಗ ಯಾವ ಸರ್ವರ್ ಆದರೂ ಸರಿ ಎಂದು ಮತ್ತೆ ಕೂಗುತ್ತದೆ. ಮನೆಗೆ ಒಂದು ದಿನದ ಗುತ್ತಿಗೆ ಸಾಕು. ದಿನಕ್ಕೆ ನೂರಾರು ಮೊಬೈಲುಗಳು ಬಂದು ಹೋಗುವ ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ಅದನ್ನು ಒಂದೆರಡು ಗಂಟೆಗೆ ಇಳಿಸಬೇಕಾಗುತ್ತದೆ. ಇಲ್ಲವಾದರೆ ಹೋದವರ ಹೆಸರಿನಲ್ಲಿ ವಿಳಾಸಗಳು ಉಳಿದು, ಬಂದವರಿಗೆ ಸಿಗುವುದಿಲ್ಲ.

ಎರಡರ ನಡುವಿನದು ಕಾಯ್ದಿರಿಸುವಿಕೆ. ಸಾಧನದ ಮ್ಯಾಕ್ ವಿಳಾಸವನ್ನು ರೌಟರಿನಲ್ಲಿ ಬರೆದಿಟ್ಟು, ಅದಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ ಹೋಗುವಂತೆ ಮಾಡಲಾಗುತ್ತದೆ. ಸಾಧನವನ್ನು ಮುಟ್ಟುವ ಅಗತ್ಯವಿಲ್ಲ, ಲೆಕ್ಕವೆಲ್ಲ ರೌಟರಿನಲ್ಲೇ ಇರುತ್ತದೆ. ಸಣ್ಣ ಜಾಲಗಳ ಮಟ್ಟಿಗೆ ಕೈಯಾರೆ ನಮೂದಿಸುವುದಕ್ಕಿಂತ ಇದೇ ಮೇಲು. ಆದರೆ 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಈಚಿನ ಮೊಬೈಲುಗಳು ಪ್ರತಿ ವೈಫೈ ಜಾಲಕ್ಕೂ ಒಂದೊಂದು ಕೃತಕ ಮ್ಯಾಕ್ ವಿಳಾಸ ತೋರಿಸುತ್ತವೆ. ಕಾಯ್ದಿರಿಸುವವರು ಪೆಟ್ಟಿಗೆಯ ಮೇಲೆ ಮುದ್ರಿಸಿದ ಮ್ಯಾಕ್ ಬರೆಯದೆ, ಆ ಜಾಲದಲ್ಲಿ ಕಾಣುವುದನ್ನೇ ಬರೆಯಬೇಕು.

ಯಾರೂ ವಿಳಾಸ ಕೊಡದಿದ್ದಾಗ ಕಂಪ್ಯೂಟರ್ 169.254ರಿಂದ ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ಸಂಖ್ಯೆ ಕಂಡರೆ ಡಿಎಚ್‌ಸಿಪಿ ಉತ್ತರ ಬಂದಿಲ್ಲ ಎಂದೇ ಅರ್ಥ. ಕೇಬಲ್, ಸ್ವಿಚ್, ರೌಟರುಗಳನ್ನು ಆ ಕ್ರಮದಲ್ಲಿ ನೋಡಬೇಕು.

ಎರಡನೆಯ ರೌಟರ್

ಮಹಡಿಯ ಮೇಲೆ ಸಿಗ್ನಲ್ ಸಿಗದಾಗ ಹಳೆಯ ರೌಟರೊಂದನ್ನು ತಂದು ಜೋಡಿಸುವುದು ವಾಡಿಕೆ. ಹಂಚುವ ಅಧಿಕಾರ ಒಂದೇ ಕಡೆ ಇರಬೇಕೆಂಬ ನಿಯಮ ಹೆಚ್ಚಾಗಿ ಮುರಿಯುವುದು ಇಲ್ಲಿಯೇ. ಮುಖ್ಯ ಪೆಟ್ಟಿಗೆ 192.168.1.1 ಆಗಿದ್ದರೆ, ಎರಡನೆಯದನ್ನು ಮೊದಲು ಒಂದು ಕಂಪ್ಯೂಟರಿಗಷ್ಟೇ ಸಿಕ್ಕಿಸಿ, ಅದರ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿ ನಿಲ್ಲಿಸಬೇಕು. ಆಮೇಲೆ ಮುಖ್ಯ ಪೆಟ್ಟಿಗೆಯಿಂದ ಬಂದ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಬೇಕು. ಬೇರೆ ಬಣ್ಣದಲ್ಲಿರುವ ವ್ಯಾನ್ ಪೋರ್ಟ್ ಖಾಲಿಯೇ ಉಳಿಯುತ್ತದೆ. ಆಗ ಎರಡನೆಯದು ರೌಟರ್ ಆಗಿ ಉಳಿಯದೆ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಆಗುತ್ತದೆ. ಹೊಸ ಮಾದರಿಗಳಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇರುತ್ತದೆ.

ಡಿಎಚ್‌ಸಿಪಿ ನಿಲ್ಲಿಸದೆ ಲ್ಯಾನ್ ಪೋರ್ಟಿಗೆ ಹಾಕಿದರೆ ಒಂದೇ ಜಾಲದಲ್ಲಿ ಹಂಚುವವರು ಇಬ್ಬರಾಗುತ್ತಾರೆ. ಯಾರ ಉತ್ತರ ಮೊದಲು ತಲುಪುತ್ತದೋ ಸಾಧನ ಸಾಮಾನ್ಯವಾಗಿ ಅವರ ಪಾಲಾಗುತ್ತದೆ. ಹೊರಗೆ ದಾರಿಯಿಲ್ಲದ ರೌಟರನ್ನು ಗೇಟ್‌ವೇ ಎಂದು ನಂಬಿದ ಮೊಬೈಲಿನಲ್ಲಿ ವೈಫೈ ಗುರುತು ಪೂರ್ತಿ ಇದ್ದರೂ ಅಂತರ್ಜಾಲ ನಡೆಯುವುದಿಲ್ಲ. ವ್ಯಾನ್ ಪೋರ್ಟಿಗೆ ಹಾಕಿದರೆ ಹಂಚುವವರ ಜಗಳ ಇರದು, ಆದರೆ ನ್ಯಾಟ್ ಎರಡು ಸುತ್ತು ಆಗುತ್ತದೆ. ಮೇಲಿನ ಮಹಡಿಯ ಮೊಬೈಲಿನಿಂದ ಕೆಳಗಿನ ಪ್ರಿಂಟರಿಗೆ ಮಾಹಿತಿ ಕಳಿಸಲು ಬರಬಹುದು. ಕೆಳಗಿನಿಂದ ಮೇಲಿನ ಸಾಧನವನ್ನು ಹುಡುಕಲು ಬರುವುದಿಲ್ಲ. ಈ ಜೋಡಣೆಯಲ್ಲಿ ಎರಡರ ಒಳಜಾಲವೂ 192.168.1 ಆಗಿದ್ದರೆ ದಾರಿಯೇ ಕೆಡುತ್ತದೆ. ಅದನ್ನು ಗುರುತಿಸಿ ತಮ್ಮ ಲ್ಯಾನ್ ವಿಳಾಸವನ್ನು ತಾವೇ ಬದಲಿಸಿಕೊಳ್ಳುವ ರೌಟರುಗಳೂ ಇವೆ.

ಎರಡು ಊರಿನ ಜಾಲಕ್ಕೆ ವಿಳಾಸ ಯೋಜನೆ

ಶಿವಮೊಗ್ಗದಲ್ಲಿ ಅಂಗಡಿ, ಭದ್ರಾವತಿಯಲ್ಲಿ ಅದರ ಶಾಖೆ ಇರುವ ವ್ಯವಹಾರಗಳಲ್ಲಿ ಎರಡೂ ಕಡೆಯ ಲೆಕ್ಕವನ್ನು ಒಂದೇ ಸರ್ವರಿನಲ್ಲಿಡಲು ವಿಪಿಎನ್ ಎಂಬ ಗುಪ್ತ ಕೊಂಡಿ ಬಳಸಬಹುದು. ಎರಡೂ ಕಡೆ ತಯಾರಕರು ಇಟ್ಟ 192.168.1 ಜಾಲವೇ ಮುಂದುವರಿದಿದ್ದರೆ ಆ ಕೊಂಡಿ ಕೆಲಸ ಮಾಡದು. ಶಿವಮೊಗ್ಗದ ಕಂಪ್ಯೂಟರ್ 192.168.1.20ನ್ನು ಹುಡುಕಿದರೆ ಅದು ತನ್ನದೇ ಜಾಲದ್ದೆಂದು ತಿಳಿಯುತ್ತದೆ. ರೌಟರಿಗೆ ಒಪ್ಪಿಸುವುದೇ ಇಲ್ಲ. ಆದ್ದರಿಂದ ಶಾಖೆ ತೆರೆಯುವ ಮೊದಲೇ ಬೇರೆ ಬೇರೆ ಜಾಲಸಂಖ್ಯೆ ಇಟ್ಟುಕೊಳ್ಳಬೇಕು.

ಒಂದು ಮಾದರಿ: ಎಸ್‌ಟಿಡಿ ಕೋಡುಗಳಲ್ಲಿ ಸೊನ್ನೆಯ ನಂತರದ ಎರಡಂಕಿಗಳನ್ನು ಹಿಡಿದು ಶಿವಮೊಗ್ಗಕ್ಕೆ 192.168.81.0/24, ಭದ್ರಾವತಿಗೆ 192.168.82.0/24 ಕೊಟ್ಟರೆ ನೆನಪಿಡಲು ಸುಲಭ. (ಸಾಗರದ ಕೋಡ್ 08183 ಆದ್ದರಿಂದ ಅಲ್ಲಿಗೆ ಈ ಲೆಕ್ಕ ಹೊಂದದು, ಕೊನೆಯ ಎರಡಂಕಿ 83ನ್ನು ಕೊಡಬಹುದು.) ಎರಡೂ ಕಡೆ ಕೊನೆಯ ಸಂಖ್ಯೆ 1 ರೌಟರಿಗೆ, 2ರಿಂದ 9 ಸ್ವಿಚ್ ಮತ್ತು ಆಕ್ಸೆಸ್ ಪಾಯಿಂಟುಗಳಿಗೆ, 10ರಿಂದ 49 ಸರ್ವರ್, ಪ್ರಿಂಟರ್, ಡಿವಿಆರ್‌ಗಳಿಗೆ, 100ರಿಂದ 199 ಡಿಎಚ್‌ಸಿಪಿಗೆ. ಉಳಿದದ್ದನ್ನು ಮುಂದಿನ ದಿನಗಳಿಗೆ ಖಾಲಿ ಬಿಡಬೇಕು. ಶಿವಮೊಗ್ಗದ ಡಿವಿಆರ್ 20 ಆದರೆ ಭದ್ರಾವತಿಯದೂ 20 ಆಗಿರಲಿ. ದೂರದಿಂದ ದುರಸ್ತಿ ಮಾಡುವವರಿಗೆ ಅನುಕೂಲ.

ಎರಡು ರೌಟರುಗಳ ನಡುವಿನ ವಿಪಿಎನ್ ಕೊಂಡಿಗೆ 10.81.82.0/30 ಎಂಬ ಪುಟ್ಟ ಜಾಲ ಇಟ್ಟು, ಶಿವಮೊಗ್ಗದ ತುದಿಗೆ 10.81.82.1, ಭದ್ರಾವತಿಯ ತುದಿಗೆ 10.81.82.2 ಕೊಡಬಹುದು. ಆಮೇಲೆ ‘192.168.82.0/24 ಬೇಕಾದರೆ 10.81.82.2ಕ್ಕೆ ಕೊಡು’ ಎಂದು ಶಿವಮೊಗ್ಗದ ರೌಟರಿಗೂ, ಇದಕ್ಕೆ ಪ್ರತಿಯಾದದ್ದನ್ನು ಭದ್ರಾವತಿಯದಕ್ಕೂ ಬರೆಯಬೇಕು. ಒಂದೇ ಕಡೆ ಬರೆದರೆ ಕೋರಿಕೆ ಹೋಗುತ್ತದೆ, ಉತ್ತರ ತಿರುಗಿ ಬರುವುದಿಲ್ಲ. ನೇರವಾಗಿ ಜೋಡಿಸುವುದಾದರೆ ಎರಡರಲ್ಲಿ ಒಂದು ತುದಿಗಾದರೂ ಹೊರಗಿನಿಂದ ತಲುಪಬಹುದಾದ ಸಾರ್ವಜನಿಕ ವಿಳಾಸ ಬೇಕು.

ಸಾಮಾನ್ಯ ದೋಷಗಳು

ಒಂದೇ ವಿಳಾಸ ಎರಡು ಸಾಧನಕ್ಕೆ ಬೀಳುವುದು ಮೊದಲನೆಯದು. ಹೊಸ ಸಾಧನಗಳು ಕಾರ್ಖಾನೆಯಿಂದಲೇ ವಿಳಾಸ ಹೊತ್ತು ಬರುತ್ತವೆ: ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ 192.168.1.64, ದಾಹುವಾದಲ್ಲಿ 192.168.1.108, ಝಡ್‌ಕೆಟೆಕೊ ಹಾಜರಾತಿ ಯಂತ್ರಗಳಲ್ಲಿ 192.168.1.201. ಒಂದೇ ಕಂಪನಿಯ ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ಸ್ವಿಚ್ಚಿಗೆ ಹಾಕಿದರೆ ನಾಲ್ಕೂ ಒಂದೇ ವಿಳಾಸ ಹೇಳಬಹುದು. ಒಂದೊಂದಾಗಿ ಹಚ್ಚಿ ವಿಳಾಸ ಬದಲಿಸುವುದೇ ಪದ್ಧತಿ. ಡಿಎಚ್‌ಸಿಪಿ ಸಾಲು 2ರಿಂದ 254ರವರೆಗೆ ಚಾಚಿಕೊಂಡಿದ್ದರೆ, ಡಿವಿಆರ್ ಆರಿದ್ದ ಹೊತ್ತಿನಲ್ಲಿ ಅದರ ವಿಳಾಸ ಯಾರದೋ ಮೊಬೈಲಿಗೆ ಹೋಗಿರುತ್ತದೆ.

ಸೇವಾ ಕಂಪನಿ ಬದಲಿಸಿದಾಗ ಹುಟ್ಟುವ ದೋಷ ಇನ್ನೊಂದು. 192.168.1.1 ಮೋಡೆಮ್ ತೆಗೆದು 192.168.29.1 ಪೆಟ್ಟಿಗೆ ಇಟ್ಟರೆ, ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವ ಮೊಬೈಲುಗಳು ಹೊಸ ಜಾಲಕ್ಕೆ ತಾವಾಗಿ ಹೊಂದಿಕೊಳ್ಳುತ್ತವೆ. ಕೈಯಾರೆ 192.168.1.108 ಬರೆಸಿಕೊಂಡ ಡಿವಿಆರ್ ಮಾತ್ರ ಹಳೆಯ ಗೇಟ್‌ವೇಯನ್ನೇ ಹುಡುಕುತ್ತಿರುತ್ತದೆ. ಟಿವಿಯಲ್ಲಿ ಚಿತ್ರ ಬರುತ್ತದೆ, ಮೊಬೈಲಿನಲ್ಲಿ ಬರುವುದಿಲ್ಲ. ಸಾಧನಗಳನ್ನು ಒಂದೊಂದಾಗಿ ತಿದ್ದುವುದಕ್ಕಿಂತ, ಹೊಸ ರೌಟರ್ ಅವಕಾಶ ಕೊಟ್ಟರೆ ಅದರ ಲ್ಯಾನ್ ವಿಳಾಸವನ್ನೇ ಹಳೆಯದಕ್ಕೆ ಬದಲಿಸುವುದು ಸುಲಭದ ದಾರಿ.

ಕರೆಂಟ್ ಹೋಗಿ ಬಂದಾಗಲೂ ತೊಡಕುಂಟು. ಒಎನ್‌ಟಿ ಎದ್ದು ವಿಳಾಸ ಹಂಚತೊಡಗುವ ಮೊದಲೇ ಕಂಪ್ಯೂಟರ್ ಎದ್ದರೆ ಅದಕ್ಕೆ 169.254 ವಿಳಾಸ ಬೀಳುತ್ತದೆ. ವಿಂಡೋಸ್ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುವುದರಿಂದ ಕಾದರೆ ಸರಿಹೋಗುತ್ತದೆ. ಗುತ್ತಿಗೆಯ ಪಟ್ಟಿಯನ್ನು ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇಡುವ ಅಗ್ಗದ ರೌಟರುಗಳು ಕರೆಂಟ್ ಹೋದಾಗ ಕೊಟ್ಟದ್ದನ್ನೆಲ್ಲ ಮರೆತು, ಬ್ಯಾಟರಿಯಲ್ಲಿ ನಡೆಯುತ್ತಿದ್ದ ಲ್ಯಾಪ್‌ಟಾಪಿನ ವಿಳಾಸವನ್ನೇ ಮತ್ತೊಬ್ಬರಿಗೆ ಕೊಡಲು ಹೋಗಬಹುದು. ಮಳೆಗಾಲದಲ್ಲಿ ಕರೆಂಟ್ ಮೇಲಿಂದ ಮೇಲೆ ಹೋಗುವ ಕಡೆ ರೌಟರಿಗೆ ಸಣ್ಣ ಯುಪಿಎಸ್ ಇಡುವುದು ಈ ಕಾರಣಕ್ಕೂ ಉಪಯುಕ್ತ.

ದಾಖಲೆ

ಯಾವ ವಿಳಾಸ ಯಾವ ಸಾಧನಕ್ಕೆ, ಅದರ ಮ್ಯಾಕ್ ಯಾವುದು, ಎಲ್ಲಿದೆ ಎಂಬ ಪಟ್ಟಿ ಪ್ರತಿ ಜಾಲಕ್ಕೂ ಬೇಕು. ಸೈಬರ್ ಕೆಫೆಗಳಿಗೆ ಇದು ಕಾನೂನಿನ ವಿಷಯವೂ ಹೌದು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಳಕೆದಾರರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕು. ನ್ಯಾಟ್‌ನಿಂದಾಗಿ ಹೊರಗೆ ಎಲ್ಲ ಯಂತ್ರಗಳೂ ಒಂದೇ ವಿಳಾಸದಲ್ಲಿ ಕಾಣುವುದರಿಂದ, ಯಾವ ಹೊತ್ತಿನಲ್ಲಿ ಯಾವ ಯಂತ್ರಕ್ಕೆ ಯಾವ ಒಳವಿಳಾಸ ಇತ್ತೆಂಬುದು ರೌಟರಿನ ದಾಖಲೆಯಿಂದಷ್ಟೇ ತಿಳಿಯುತ್ತದೆ.

ಈಗಿನ ಸ್ಥಿತಿ

ಐಪಿವಿ4 ವಿಳಾಸಗಳ ಜಾಗತಿಕ ಭಂಡಾರ 2011ರ ಫೆಬ್ರವರಿ 3ರಂದು ಬರಿದಾಯಿತು. ಏಷ್ಯಾ–ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಎಪಿನಿಕ್ ಅದೇ ಏಪ್ರಿಲಿನಲ್ಲಿ ತನ್ನ ಕೊನೆಯ ಕಂತಿಗೆ ಬಂತು. ಭಾರತದಲ್ಲಿ ವಿಳಾಸಗಳನ್ನು ಕಂಪನಿಗಳಿಗೆ ಕೊಡುವ ಹೊಣೆ ಈಗ ನಿಕ್ಸಿ ಅಡಿಯ ಐರಿನ್ ನೋಂದಣಿ ಸಂಸ್ಥೆಯದು.

ಕೊರತೆಯ ನೇರ ಪರಿಣಾಮ ಕಂಡಿರುವುದು ರೌಟರಿನ ವ್ಯಾನ್ ಬದಿಯಲ್ಲಿ. ಹಲವು ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಸೇರಿಸುವ ಸಿಜಿನ್ಯಾಟ್ ವ್ಯವಸ್ಥೆ ಬಳಸುತ್ತವೆ. ಅದಕ್ಕೆಂದು 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ಸಾಲನ್ನು ಮೀಸಲಿಡಲಾಯಿತು. ರೌಟರಿನ ಸ್ಥಿತಿಪುಟದಲ್ಲಿ ವ್ಯಾನ್ ವಿಳಾಸ ಈ ಸಾಲಿನದ್ದಾಗಿದ್ದರೆ ಹೊರಗಿನ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ನಡೆಯದು. ಮನೆಯ ಡಿವಿಆರ್ ಅನ್ನು ಹೊರಗಿನಿಂದ ನೋಡಲು ತಯಾರಕರ ಕ್ಲೌಡ್ ಸೇವೆ ಬಳಸಬೇಕು, ಇಲ್ಲವೇ ಸ್ಥಿರ ವಿಳಾಸಕ್ಕೆ ಹಣ ಕಟ್ಟಬೇಕು.

128 ಬಿಟ್‌ಗಳ ಐಪಿವಿ6 ವಿಳಾಸಗಳ ಕೊರತೆಗೆ ಶಾಶ್ವತ ಪರಿಹಾರವಾಗಿ 1990ರ ದಶಕದಲ್ಲಿ ರೂಪುಗೊಂಡಿತು. ದೂರಸಂಪರ್ಕ ಇಲಾಖೆ 2010ರಲ್ಲಿ ಅದರ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆ ಆರಂಭವಾದ ಮೇಲೆ ಬಳಕೆ ವೇಗವಾಗಿ ಏರಿತು. ಈಗ ಐಪಿವಿ6 ಹೆಚ್ಚು ಬಳಕೆಯಲ್ಲಿರುವ ದೇಶಗಳಲ್ಲಿ ಭಾರತವೂ ಒಂದು. ಇದರಲ್ಲಿ ಹಂಚಿಕೆಯ ರೀತಿಯೇ ಬೇರೆ. ರೌಟರ್ ಜಾಲಭಾಗವನ್ನು ಮಾತ್ರ ಸಾರುತ್ತದೆ, ಉಳಿದ 64 ಬಿಟ್‌ಗಳನ್ನು ಸಾಧನ ತಾನೇ ರಚಿಸಿಕೊಳ್ಳುತ್ತದೆ. ಆಂಡ್ರಾಯ್ಡ್ ಮೊಬೈಲುಗಳು ಬಹುಕಾಲ ಈ ವಿಧಾನವನ್ನಷ್ಟೇ ಒಪ್ಪುತ್ತಿದ್ದುದರಿಂದ, ಐಪಿವಿ6ರಲ್ಲಿ ಡಿಎಚ್‌ಸಿಪಿಯನ್ನೇ ನೆಚ್ಚಿಕೊಂಡ ಜಾಲಗಳಲ್ಲಿ ಅವಕ್ಕೆ ವಿಳಾಸ ಸಿಗುತ್ತಿರಲಿಲ್ಲ.

ಐಪಿವಿ6ರಲ್ಲಿ ಪ್ರತಿ ಸಾಧನಕ್ಕೂ ಸಾರ್ವಜನಿಕ ವಿಳಾಸ ಇರುವುದರಿಂದ ನ್ಯಾಟ್‌ನ ಮರೆ ಇಲ್ಲ. ಹೊರಗಿನಿಂದ ಬರುವವರನ್ನು ತಡೆಯುವುದು ಮುಖ್ಯವಾಗಿ ರೌಟರಿನ ಫೈರ್‌ವಾಲ್. ಹಳೆಯ ಡಿವಿಆರ್, ಪ್ರಿಂಟರ್, ಹಾಜರಾತಿ ಯಂತ್ರಗಳಲ್ಲಿ ಎಷ್ಟೋ ಐಪಿವಿ4 ಬಿಟ್ಟು ಬೇರೆ ಅರಿಯವು. ಹೀಗಾಗಿ ಐಪಿವಿ6 ತಲುಪಿದ ಮನೆ, ಅಂಗಡಿಗಳಲ್ಲೂ ಎರಡು ಆವೃತ್ತಿಗಳು ಒಂದೇ ತಂತಿಯಲ್ಲಿ ಜೊತೆಜೊತೆಗೆ ನಡೆಯುತ್ತಿದ್ದು, 192.168ರ ಸಾಲು ಬಳಕೆಯಲ್ಲಿ ಉಳಿದಿದೆ.